ಖಾಲಿ ಗೆರೆಗಳ ರಿಜಿಸ್ಟರು

ದಾವಣಗೆರೆ, ಮಕ್ಕಳ ಆಸ್ಪತ್ರೆ, ನೆಲಮಾಳಿಗೆಯ ಎಕ್ಸ್‌ರೇ ಕೋಣೆ.
ಗೋಡೆಗೆ ನಾನೇ ಬರೆದ ಗಿಣಿ; ಅದರ ಕೊಕ್ಕಿನ ಕೆಂಪು
ಮಕ್ಕಳ ಉಗುರಿಗೆ ಸಿಕ್ಕಿ ಅರ್ಧ ಹೋಗಿದೆ.
ಇಪ್ಪತ್ತೊಂದು ವರ್ಷದಿಂದ ಇಲ್ಲಿ ನನ್ನ ಮಾತು ಎರಡೇ:
ಉಸಿರು ಹಿಡಿ ಕಂದಾ.
ಹ್ಞಾ, ಈಗ ಬಿಡು.

ಮಾರ್ಚಿಗೆ ಮುಂಚೆ ದಿನಕ್ಕೆ ಅರವತ್ತು ಹೆಸರು.
ನುಂಗಿದ ಗೆಜ್ಜೆಯ ಗುಂಡು,
ಸೈಕಲ್ಲಿನ ಹಿಂದಿನ ಚಕ್ರಕ್ಕೆ ಕೊಟ್ಟ ಕಾಲು,
ಹುಣಸೆ ಮರ ಒಲ್ಲೆನೆಂದು ಕೆಳಕ್ಕೆ ಹಾಕಿದ ಕೈ.
ಸಾಲು ಮೆಟ್ಟಿಲವರೆಗೂ. ಬೆಂಚಿನಡಿ ಚೆಲ್ಲಿದ ಮಂಡಕ್ಕಿ,
ಗುಡಿಸುತ್ತ ಉಚ್ಚೆಂಗೆಪ್ಪನ ಬೈಗುಳ,
ಬೈಗುಳಕ್ಕೆ ನಕ್ಕು ಅಳು ಮರೆತ ಹುಡುಗಿ.

ಆಮೇಲೆ ಒಂದು ದಿನ ರಿಜಿಸ್ಟರಿನಲ್ಲಿ ಮೂರು ಹೆಸರು.
ಮರುದಿನ ಒಂದು.
ಅದರಾಚೆ ದಿನ ತಾರೀಖು ಬರೆದು, ಗೆರೆ ಎಳೆದು,
ಪೆನ್ನಿಗೆ ಮುಚ್ಚಳ ಹಾಕಿದೆ.

ಮುರಿದುಕೊಳ್ಳುವುದನ್ನೇ ಬಿಟ್ಟವೇ ಮಕ್ಕಳು?
ಶಾಲೆ ಮುಚ್ಚಿತು ಸರಿ, ಮರವೂ ಬಾಗಿಲು ಹಾಕಿತೇ?
ಜಗಳೂರಿನ ಬಸ್ಸು ನಿಂತರೆ
ಕೆಮ್ಮೂ ನಿಲ್ಲುತ್ತದೆಯೇ?
ಪಕ್ಕದ ದೊಡ್ಡಾಸ್ಪತ್ರೆಗೆ ಎಡೆಬಿಡದೆ ಸೈರನ್ನು.
ನಮ್ಮಲ್ಲಿ ಎ.ಸಿ.ಯ ನೀರು ಬಕೆಟ್ಟಿಗೆ ಬೀಳುವ ಸದ್ದು.

ಬಾಷಾನಗರದಿಂದ ಫೋನು, ಮಂಡಕ್ಕಿ ಭಟ್ಟಿಯ ನೂರುನ್ನೀಸಾ:
"ಹುಡುಗ ರೂಪಾಯಿ ನುಂಗ್ಯಾನೆ ಸಾರ್. ಬರಬೇಕೇನ್ರಿ?
ಬಂದ್ರೆ ಹದಿನಾಲ್ಕು ದಿನ ಇಟ್ಕೋತೀರಂತೆ."
ಜೊಲ್ಲು ಸುರಿಯುತ್ತಿದೆಯೇ, ಉಣ್ಣುತ್ತಾನೆಯೇ
ಎಂದೆಲ್ಲ ಕೇಳಿ ಡಾಕ್ಟರು ಕಾಯಲು ಹೇಳಿದರು.
ನಾಲ್ಕು ಬೆಳಗು ಆ ತಾಯಿ ಕಡ್ಡಿ ಹಿಡಿದು ಹುಡುಕಿದಳು.
ಐದನೆಯ ದಿನ: "ಸಿಕ್ತು ಸಾರ್! ಎರಡು ರೂಪಾಯಿದು.
ನಾವು ಒಂದು ಅಂದ್ಕೊಂಡಿದ್ವಿ."
ಆ ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಜುಲೈಯಲ್ಲಿ ಯಂತ್ರವನ್ನೇ ಉರುಳಿಸಿ ವಾರ್ಡಿಗೆ ಒಯ್ದೆವು.
ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು, ಒಳಗೆ ಸೀಸದ ಏಪ್ರನ್,
ಕನ್ನಡಕಕ್ಕೆ ನನ್ನದೇ ಆವಿ.
ಆರು ವರ್ಷದ ಮೈಲಾರಿ ನನ್ನ ಕಂಡು ಕಿಟಾರನೆ ಕಿರುಚಿದ,
ಸೆರಗು ಇರಬೇಕಾದ ಕಡೆ ಕೈಯಾಡಿಸಿದ;
ಸೆರಗಿನವಳು ಇನ್ನೊಂದು ಕಟ್ಟಡದಲ್ಲಿ.
ನಗೋಣವೆಂದರೆ ಬಾಯಿಲ್ಲ ನನಗೆ.
ಮರುದಿನ ಎದೆಯ ಮೇಲೆ ಮಾರ್ಕರಿನಿಂದ ಗಿಣಿ ಬರೆದುಕೊಂಡು ಹೋದೆ,
ದಾರಿಯಲ್ಲೇ ಬಣ್ಣ ಕಲೆಸಿಹೋಯಿತು.
"ಕಾಗಿ" ಅಂದ.
ಹೌದಪ್ಪ, ಕಾಗೆ. ಉಸಿರು ಹಿಡಿ...
ಅಂದವನಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು.
ಹಿಡಿಯುವಷ್ಟು ಎಲ್ಲಿತ್ತು ಆ ಎದೆಯಲ್ಲಿ?
ಮೊದಲ ಸಲ ಎರಡನೆಯ ಮಾತನ್ನೇ ಮೊದಲು ಆಡಿದೆ:
ಬಿಡು ಕಂದಾ, ನಿನಗೆ ಬಂದಂತೆ ಬಿಡು.
ಚಿತ್ರ ಮಸುಕಾಗಿ ಬಂತು. ಯಾರೂ ಬೈಯಲಿಲ್ಲ.

ಬಸ್ಸು ಬಿಟ್ಟ ಮೇಲೆ ಬಂದರು, ತಡವಾದವರು.
ಆನಗೋಡಿನಾಚೆಯ ರೇಣುಕಾ, ಎಂಟು ವರ್ಷ.
ಮೂರು ತಿಂಗಳ ಹಿಂದೆ ಮೊಣಕೈಗೆ
ಬಿದಿರ ದಬ್ಬೆ, ಮೊಟ್ಟೆಯ ಲೋಳೆ, ಹಳೇ ಪಂಚೆಯ ಚೂರು.
"ನೋವೇನಿಲ್ಲ, ಜಡೆ ಹಾಕ್ಕೊಳ್ಳಾಕೆ ಕೈ ಮ್ಯಾಲೆ ಹೋಗಲ್ಲ."
ತೆರೆಯ ಮೇಲೆ ಕಂಡಿತು: ಯಾರೂ ನೋಡದ ಹೊತ್ತಿನಲ್ಲಿ
ಮೂಳೆ ತನಗೆ ತಿಳಿದಂತೆ ಸೊಟ್ಟಗೆ ಕೂಡಿಕೊಂಡಿತ್ತು.
ಅಮ್ಮ ಕೇಳಿದಳು, "ಕೂಡೈತಲ್ರಿ?"
ಕೂಡಿದೆ, ಎಂದೆ.
ಮಿಕ್ಕದ್ದನ್ನು ಡಾಕ್ಟರು ಹೇಳಲಿ.

ಆಡಿಟ್ಟಿನವರು ಮೊನ್ನೆ ಆ ಪುಟದಲ್ಲಿ ಬೆರಳಿಟ್ಟು ಕೇಳಿದರು: ಖಾಲಿ ಯಾಕೆ?
ಯಾರೂ ಬರಲಿಲ್ಲ, ಎಂದು ಬರೆಸಿ ಸಹಿ ಹಾಕಿಸಿಕೊಂಡರು.
ಆ ಗೆರೆಗಳ ಮೇಲೆ ಕೈ ಸವರಿದರೆ
ಹಿಂದಿನ ಪುಟದ ಹೆಸರುಗಳ ಅಚ್ಚು ತಾಗುತ್ತದೆ,
ಅಷ್ಟು ಒತ್ತಿ ಬರೆಯುವವನು ನಾನು.

ರೇಣುಕಾಳ ಸರದಿ ಮುಂದಿನ ಮಂಗಳವಾರ.
ಅಲ್ಲಿಯವರೆಗೆ ಜಡೆ ಅವಳ ತಮ್ಮ ಹಾಕುತ್ತಾನಂತೆ,
ಸೊಟ್ಟಗೆ.